ಹಾಲಗುಂಡಿ ಕೆರೆಯ ತಿಳಿನೀರು

ಬಾಟಲಿಯೊಳಗಿನ ನೀರು ಗಾಜಿನಷ್ಟು ತಿಳಿಯಾಗಿತ್ತು. ಪೂಜಿತಾಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅವಳು ಕಟ್ಟಕಡೆಗೆ ಯೋಚಿಸಿದ್ದೂ ಅದರ ಬಗ್ಗೆಯೇ.

"ಜಲ್ದಿ ನೋಡಿ ಹೇಳಕ್ಕ," ಎಂದ ಹಾಲೇಶ್. ಹೊಸಪೇಟೆಗೆ ಟ್ರ್ಯಾಕ್ಟರಿನ ಬಿಡಿಭಾಗ ಕೊಳ್ಳಲು ಬಂದಿದ್ದ ತಮ್ಮ, ಗ್ರೀಸ್ ಹತ್ತಿದ ಪೊಟ್ಟಣವನ್ನು ಕಂಕುಳಲ್ಲಿ ಒತ್ತಿಕೊಂಡು ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದ. "ಊರ ಮಂದಿ ಎಲ್ಲಾ ನಿನ್ನ ಫೋನ್ ಕಾಯಾಕತ್ತೈತಿ. ನೀ ಹೂಂ ಅಂದ್ರ ಇವತ್ತ ಕೆರಿಗೆ ಟ್ರ್ಯಾಕ್ಟರ್ ಇಳಸ್ತೀವಿ."

"ಊಂಹೂಂ ಅಂದ್ರ?"

"ಅಂದ್ರ ಅಪ್ಪ ನಿನ್ನ ಮನಿ ಹತ್ತಗೊಡೂದಿಲ್ಲ," ಎಂದು ನಕ್ಕು ಅವನು ಮೆಟ್ಟಿಲಿಳಿದ.

ಪೂಜಿತಾ ನಗಲಿಲ್ಲ. ಹಂಪಿಯ ಹೋಟೆಲುಗಳ ಕೊಳವೆಬಾವಿ ನೀರು, ಕಂಪ್ಲಿಯ ಅಕ್ಕಿ ಗಿರಣಿಗಳ ಹೊರಹರಿವು, ಇವೇ ಅವಳ ದಿನನಿತ್ಯದ ಕೆಲಸ. ತವರೂರಿನ ನೀರು ಅವಳ ಮೇಜಿಗೆ ಬಂದದ್ದು ಇದೇ ಮೊದಲು.

ಹಾಲಗುಂಡಿ ಇರುವುದು ಸಂಡೂರಿನ ಗುಡ್ಡಗಳ ಬುಡದಲ್ಲಿ. ಹಿಂದಿನ ವಾರ ಅಲ್ಲಿ ಮುಂಗಾರಿಗೂ ಮುಂಚಿನ ದೊಡ್ಡ ಮಳೆಯೊಂದು ಸುರಿದಿತ್ತು. ಗುಡ್ಡದ ಮೇಲೆ ಅದಿರು ತೊಳೆಯುವ ಘಟಕವೊಂದರ ಕೆಸರುಹೊಂಡದ ಕಟ್ಟೆ ಒಡೆದು, ಕೆಂಪು ನೀರು ನೊರೆಯ ಸಮೇತ ಹಳ್ಳಕ್ಕಿಳಿದು ಕೆರೆ ಸೇರಿತ್ತು. ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಂದದ್ದು ಬರೀ ಮಣ್ಣುನೀರು ಎಂದಿತು ಘಟಕ. ಹೊಸ ನೀರಿಗೆ ಮೀನು ಸಾಯುವುದು ಹೊಸದೇನಲ್ಲ ಎಂದರು ಊರ ಹಿರಿಯರು. ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಪಕ್ಕೀರಪ್ಪ ಮಾತ್ರ ಎರಡೂ ಮಾತನ್ನು ಒಪ್ಪಲಿಲ್ಲ.

ಒಪ್ಪದಿದ್ದರೂ ಊರು ಬಹಳ ದಿನ ಕಾಯುವಂತಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕೆರೆಯ ಹೂಳೆತ್ತಿ ಹೊಲಗಳಿಗೆ ಹರಡುವುದು ಹಾಲಗುಂಡಿಯ ವಾಡಿಕೆ. ಗೊಬ್ಬರದ ಅಂಗಡಿಗಿಂತ ಕೆರೆಯ ತಳವನ್ನೇ ನಂಬಿದ ಊರದು. ಮೊದಲ ಹೇರು ಕೆರೆ ಸಂಘದ ಯಜಮಾನನ ಹೊಲಕ್ಕೇ ಹೋಗಬೇಕು. ಅದು ಗೌರವಕ್ಕಾಗಿ ಅಲ್ಲ. ಬಡಿಸುವವನು ತಾನೇ ಮೊದಲು ರುಚಿ ನೋಡಿ ಪಂಕ್ತಿಗೆ ಧೈರ್ಯ ಕೊಡುವ ಹಾಗೆ. ಈಗಿನ ಯಜಮಾನ ಪೂಜಿತಾಳ ತಂದೆ ಉಜ್ಜಿನಪ್ಪ. ಊರಿನ ಹೊಲಗಳ ಮುಂದಿನ ಬೆಳೆಗಳೆಲ್ಲ ಈಗ ಆ ಬಾಟಲಿಯ ಮೇಲೆ ನಿಂತಿದ್ದವು.

ಯಾವುದನ್ನು ಹುಡುಕಬೇಕೆಂದು ಅವಳಿಗೆ ತಿಳಿದಿತ್ತು. ಅದಿರಿನೊಳಗಿನ ಮರಳನ್ನು ಬೇರ್ಪಡಿಸಲು ಅಂಥ ಘಟಕಗಳಲ್ಲಿ ಸೋಪಿನ ಜಾತಿಯ ಒಂದು ರಾಸಾಯನಿಕ ಹಾಕುತ್ತಾರೆ; ಕೆಲಸಗಾರರ ಬಾಯಲ್ಲಿ ಅದು 'ಅಮೈನ್'. ನೀರಿಗೆ ನೀಲಿ ಬಣ್ಣವೊಂದನ್ನು ಬೆರೆಸಿ, ಕ್ಲೋರೋಫಾರ್ಮ್ ಸುರಿದು ಕುಲುಕಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ರಾಸಾಯನಿಕವಿದ್ದರೆ ಅದು ನೀಲಿಯನ್ನು ತನ್ನೊಡನೆ ತಳದ ಕ್ಲೋರೋಫಾರ್ಮಿಗೆ ಎಳೆದೊಯ್ಯುತ್ತದೆ. ಇಲ್ಲದಿದ್ದರೆ ತಳ ಬಣ್ಣವಿಲ್ಲದೆ ಉಳಿಯುತ್ತದೆ.

ಅವಳು ಕುಲುಕಿ, ಗಾಜಿನ ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೋಡಿದಳು. ಎರಡು ಪದರಗಳು ನಿಧಾನವಾಗಿ ಬೇರಾದವು. ಮೇಲಿನದು ನೀಲಿ. ಕೆಳಗಿನದು ಬಣ್ಣವಿಲ್ಲದ್ದು.

ಮತ್ತೊಮ್ಮೆ ಮಾಡಿದಳು. ಅದೇ ಉತ್ತರ.

"ಅಪ್ಪಾ, ನೀರು ಚೊಕ್ಕ ಐತಿ," ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಮುಚ್ಚಿಡಲಾಗದ ಸಂತೋಷವಿತ್ತು.

"ನನಗ ಗೊತ್ತಿತ್ತು ಬಿಡವ್ವ," ಎಂದ ಉಜ್ಜಿನಪ್ಪ. ಹಿಂದೆಯೇ, ಕಟ್ಟೆಯ ಮೇಲೆ ಕುಳಿತವರಿಗೆ ಅವನು ಕೂಗಿ ಹೇಳಿದ್ದು ಅವಳಿಗೂ ಕೇಳಿಸಿತು: "ನನ್ನ ಮಗಳು ನೋಡ್ಯಾಳಪೋ! ಚೊಕ್ಕ ಐತಂತ! ಏಳ್ರಿ ಇನ್ನ!"

* * *

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಪಕ್ಕೀರಪ್ಪನ ಫೋನ್ ಬಂತು.

"ತಂಗಿ, ನೀರಾಗ ಏನೂ ಇಲ್ಲಂದ್ಯಂತ."

"ಇಲ್ಲ ಪಕ್ಕೀರಣ್ಣ. ಎರಡ ಸಲ ನೋಡೀನಿ."

"ಹಂಗಾರ ಏಡಿ ಯಾಕ ಸಾಯಾಕತ್ತಾವ?"

"ಯಾವ ಏಡಿ?"

"ಕೆಸರಾಗ ಬಿಲ ಮಾಡ್ಕೊಂಡಿರ್ತಾವಲ್ಲ, ಅವು. ನೀರಾಗಿನ ಮೀನ ಮೊದಲ ದಿನಾನ ಸತ್ವು, ಮುಗೀತು. ಈಗ ಉಳದ ಮೀನ ನೀರಾಗ ಆರಾಮ ಅದಾವ. ಆದ್ರ ಕೆಸರಾಗಿನ ಏಡಿ ಒಂದೊಂದ ಹೊರಗ ಬಂದು ಕಾಲ ಮ್ಯಾಲ ಮಾಡಾಕತ್ತಾವ. ನಾ ಓದಿದಾವಲ್ಲವ್ವ. ಕೇಳೀನಿ ಅಷ್ಟ."

ಅವಳು ಡಬ್ಬಿ ಮುಚ್ಚಿ ಒಳಕೋಣೆಗೆ ಓಡಿದಳು. ಬಾಟಲಿಯಲ್ಲಿ ಇನ್ನೂ ಅರ್ಧದಷ್ಟು ನೀರಿತ್ತು. ಬೆಳಕಿಗೆ ಹಿಡಿದಳು. ಬೋರಲು ಮಾಡಿದಳು. ಜೋರಾಗಿ ಕುಲುಕಿದಳು. ಒಂದು ಕಣವಾದರೂ ಏಳಲಿಲ್ಲ.

ಸಂಡೂರಿನ ಮಣ್ಣು ನೀರಿನಲ್ಲಿ ವಾರಗಟ್ಟಲೆ ತೇಲಿಕೊಂಡಿರುವಂಥದ್ದು. ದೊಡ್ಡ ಮಳೆ ಬಿದ್ದ ವಾರದಲ್ಲಿ ಹಾಲಗುಂಡಿಯ ಕೆರೆ ರಾಗಿ ಅಂಬಲಿಯಂತೆ ದಪ್ಪ, ಕಾವಿಯಂತೆ ಕೆಂಪು. ಆ ಕೆರೆಯಲ್ಲಿ ಮುಳುಗಿಸಿ ತುಂಬಿದ ಬಾಟಲಿ ಹೀಗಿರುವುದು ಸಾಧ್ಯವೇ ಇರಲಿಲ್ಲ. ನಿನ್ನೆ ಕಣ್ಣಿಗೆ ಬಿದ್ದದ್ದು ಇಂದು ಮನಸ್ಸಿಗೆ ತಾಕಿತು.

ಅವಳು ತಾಯಿಗೆ ಫೋನ್ ಮಾಡಿದಳು. "ಅವ್ವ, ಬಾಟಲಿಗೆ ನೀರು ಯಾರು ತುಂಬಿದ್ರು?"

"ಹಾಲೇಶ ಕೊಡದಾಗ ತಂದಿಟ್ಟ, ನಾ ತುಂಬಿದೆ. ಯಾಕವ್ವ?" ಎಂದಳು ಮರುಳಸಿದ್ದಮ್ಮ.

"ಹಂಗ ತುಂಬಿದ್ಯೇನು?"

"ಹಂಗ ಅಂದ್ರ?" ತಾಯಿಯ ದನಿಯಲ್ಲಿ ಸಣ್ಣ ಅಭಿಮಾನ ಇಣುಕಿತು. "ನಿನ್ನ ಆಫೀಸಿಗೆ ಕೆಸರ ನೀರು ಕಳಸಂತಿಯೇನು? ಈಕಿ ತವರ ಮನ್ಯಾಗ ಎಂಥಾ ನೀರು ಕುಡೀತಾರಪ್ಪಾ ಅಂತ ನಗಬೇಕೇನು ನಾಕ ಮಂದಿ? ಕೆಸರು ಕೆಳಗ ಕೂಡ್ಲಿ ಅಂತ ಪಟಕದ ಕಲ್ಲು ಆಡಿಸಿ, ಒಂದ ರಾತ್ರಿ ತಿಳಿ ಬಿಟ್ಟು, ಬೆಳಿಗ್ಗೆ ಹೊಸ ಪಂಚಿ ಎರಡು ಪದರ ಮಾಡಿ ಸೋಸೀನಿ. ಬೀಗರು ಬಂದ್ರೂ ಅಷ್ಟ ಚೊಕ್ಕ ನೀರು ಕೊಟ್ಟಿಲ್ಲ ನಾ."

ತಾಯಿಯದು ತಪ್ಪೆಂದು ಪೂಜಿತಾ ಹೇಗೆ ಹೇಳಿಯಾಳು? ಹೊರಗಿನವರೆದುರು ಕಲಕಿದ ನೀರಿಡದ ಮನೆತನ ಅದು. ಅವಳೂ ಅದನ್ನೇ ಕಲಿತು ಬೆಳೆದವಳು.

"ತಳದಾಗ ಕುಂತಿದ್ದ ಕೆಸರು?" ಎಂದು ಕೇಳಿದಳು. "ಅದನ್ನ ಎಲ್ಲಿ ಚೆಲ್ಲಿದಿ?"

"ಕರಿಬೇವಿನ ಬುಡಕ್ಕ. ಇನ್ನೆಲ್ಲಿ ಚೆಲ್ತಾರ?"

* * *

ಸಂಡೂರಿನ ಬಸ್ಸಿನ ಕಿಟಕಿ ಪಕ್ಕ ಕುಳಿತ ಪೂಜಿತಾಳ ತಲೆಯಲ್ಲಿ, ಕಾಲೇಜಿನಲ್ಲಿ ನೋಡಿದ್ದ ಚಿತ್ರವೊಂದು ಬಿಡದೆ ತಿರುಗುತ್ತಿತ್ತು. ಅಮೈನಿನ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆಯ ಮೇಲೆ ಧನ ವಿದ್ಯುತ್ತು, ಬಾಲ ಎಣ್ಣೆಯಂಥದ್ದು. ಜೇಡಿಮಣ್ಣಿನ ಕಣಕ್ಕೆ ಮೈತುಂಬ ಋಣ ವಿದ್ಯುತ್ತು. ಆದ್ದರಿಂದ ಇವೆರಡೂ ಒಂದೇ ನೀರಿನಲ್ಲಿ ಸಿಕ್ಕ ಕ್ಷಣ ತಲೆ ಹೋಗಿ ಮಣ್ಣನ್ನು ಕಚ್ಚುತ್ತದೆ, ಬಾಲ ಹೊರಕ್ಕೆ ಚಾಚುತ್ತದೆ. ಕಚ್ಚಿದ್ದು ಸುಲಭಕ್ಕೆ ಬಿಡುವುದಿಲ್ಲ. ನೀರು ಶುದ್ಧವಾಗುವುದು ಹಾಗೆಯೇ: ವಿಷ ಎಲ್ಲಿಗೂ ಹೋಗಿರುವುದಿಲ್ಲ, ಮಣ್ಣನ್ನು ಹಿಡಿದುಕೊಂಡು ತಳಕ್ಕೆ ಕುಳಿತಿರುತ್ತದೆ.

ಮರುಳಸಿದ್ದಮ್ಮ ಕೆಸರನ್ನು ಬೇರ್ಪಡಿಸಿದಾಗ ಅದೂ ಕೆಸರಿನೊಂದಿಗೇ ಹೋಗಿತ್ತು. ಮಗಳು ಪರೀಕ್ಷಿಸಿದ್ದು ವಿಷ ತೆಗೆದಿಟ್ಟ ನೀರನ್ನು.

ಘಾಟಿನ ತಿರುವಿನಲ್ಲಿ ಎದುರಿನಿಂದ ಟಿಪ್ಪರ್ ಒಂದು ಬಂತು. ಮೇಲೆ ತಾಡಪಾಲು ಬಿಗಿದಿತ್ತು. ಹಿಂಬಾಗಿಲ ಸಂದಿನಿಂದ ಹಸಿ ಕಪ್ಪು ಮಣ್ಣು ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಅದಿರು ಹೀಗೆ ತೊಟ್ಟಿಕ್ಕುವುದಿಲ್ಲ. ಅದು ಹೋದ ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು. ಅವಳು ಎದ್ದು ನಿಂತು, ಹಿಂದಿನ ಗಾಜಿನಲ್ಲಿ ಅವು ಕಣ್ಮರೆಯಾಗುವವರೆಗೂ ನೋಡಿದಳು.

"ಕುಂದ್ರಿ ಮೇಡಂ, ಬೀಳ್ತೀರಿ," ಎಂದ ಕಂಡಕ್ಟರ್.

ಹಾಲೇಶನಿಗೆ ಫೋನ್ ಮಾಡಿದಳು; ಟ್ರ್ಯಾಕ್ಟರಿನ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಕ್ಕಿಲ್ಲ. ತಂದೆ ಕೆರೆಗೆ ಹೋಗುವಾಗ ಫೋನನ್ನು ಮನೆಯ ಗೂಡಿನಲ್ಲೇ ಇಟ್ಟು ಹೋಗುವವನು. ಉಳಿದವರು ಪ್ರಯೋಗಾಲಯದ ಮುಖ್ಯಸ್ಥ ಮಹಾಂತೇಶ.

"ಸರ್, ಕೆರೆಯ ಕೆಸರನ್ನೇ ಪರೀಕ್ಷೆ ಮಾಡಬೇಕು. ಈಗಲೇ ಯಾರನ್ನಾದರೂ ಕಳಿಸ್ರಿ."

"ಕೆಸರು ನಮ್ಮ ವ್ಯಾಪ್ತಿಯೊಳಗೆ ಬರೂದಿಲ್ಲ ಪೂಜಿತಾ. ನಮಗಿರೋದು ನೀರಿನ ಮಾನ್ಯತೆ," ಎಂದರು ಮಹಾಂತೇಶ. ಅವರ ದನಿಯಲ್ಲಿ ಸಿಡುಕಿರಲಿಲ್ಲ, ಮರುಕವೇ ಇತ್ತು. "ಬೆಂಗಳೂರಿಗೆ ಕಳಿಸಬೇಕು. ವರದಿ ಬರೋದಕ್ಕೆ ವಾರಗಟ್ಟಲೆ ಹಿಡೀತದ. ಅಲ್ಲೀತನಕ ನೀವು ಏನರ ಹೇಳಿದ್ರಿ ಅಂದ್ರ ಅದು ನಿಮ್ಮ ಸ್ವಂತ ಮಾತು; ಲ್ಯಾಬಿನ ಮಾತಲ್ಲ. ತಪ್ಪು ತಿಳೀಬ್ಯಾಡ್ರಿ."

* * *

ಮನೆಯ ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಅವ್ವ ಚೆಲ್ಲಿದ್ದ ಕೆಸರು ಬಿಸಿಲಿಗೆ ಒಣಗಿ, ಹಪ್ಪಳದಂತೆ ಬಿರುಕು ಬಿಟ್ಟಿತ್ತು. ಪೂಜಿತಾ ಚೆಂಬಿನಿಂದ ಅದರ ಮೇಲೆ ನೀರು ಹನಿಸಿದಳು.

ನೀರು ಇಂಗಲಿಲ್ಲ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ದುಂಡಗೆ ನಿಂತಿತು. ಬೆರಳಿನಿಂದ ತಳ್ಳಿದರೆ ಉರುಳಿ, ಪಕ್ಕದ ಹಳೆಯ ಮಣ್ಣಿಗೆ ಬಿದ್ದ ಕೂಡಲೇ ಮಾಯವಾಯಿತು.

"ಏನಿದು, ಎಣ್ಣಿ ಚೆಲ್ಲಿದಂಗ ಐತಲ್ಲ?" ಎಂದಳು ಮರುಳಸಿದ್ದಮ್ಮ, ಬಗ್ಗಿ ನೋಡುತ್ತ.

ಹೊರಕ್ಕೆ ಚಾಚಿದ ಬಾಲಗಳು. ನೀರೆಂದರೆ ಆಗದ ಬಾಲಗಳು. ಚಿತ್ರದಲ್ಲಿ ನೋಡಿದ್ದನ್ನು ಅವಳು ಕಣ್ಣಾರೆ ಕಂಡದ್ದು ತಾನು ಹುಟ್ಟಿದ ಮನೆಯ ಹಿತ್ತಲಲ್ಲಿ. ಆ ಹಪ್ಪಳಗಳಲ್ಲಿ ಒಂದಷ್ಟನ್ನು ಸೆರಗಿಗೆ ಕಟ್ಟಿಕೊಂಡು ಕೆರೆಯ ಕಡೆಗೆ ಓಡಿದಳು.

ನೀರು ನಡುವಿನ ತಗ್ಗಿನಲ್ಲಷ್ಟೇ ಉಳಿದಿದ್ದ ಕೆರೆಯಂಗಳದಲ್ಲಿ ಜಾತ್ರೆಯಷ್ಟು ಜನ. ಎರಡು ಜೆಸಿಬಿಗಳು ಹಸಿ ಹೂಳನ್ನು ಬಾಚಿ ಬಾಚಿ ಟ್ರ್ಯಾಕ್ಟರುಗಳಿಗೆ ತುಂಬುತ್ತಿದ್ದವು. ಏರಿಯ ಮೇಲೆ ಸರತಿ ನಿಂತ ಟಿಪ್ಪರುಗಳು ಹೂಳು ಒಯ್ಯಲು ಹೊಳೆದಂಡೆಯ ಬುಕ್ಕಸಾಗರದಿಂದ ಬಂದವು; ದಾರಿಯಲ್ಲಿ ಅವಳು ಕಂಡದ್ದೂ ಅಂಥವನ್ನೇ. ಅಲ್ಲಿನ ಭತ್ತದ ರೈತ ನಾಗೇಂದ್ರಪ್ಪ ತನ್ನ ಕೇರಿಯವರ ಪರವಾಗಿ ನಿಂತು ಹೇರಿಸುತ್ತಿದ್ದ. ಉಜ್ಜಿನಪ್ಪ ತಲೆಗೆ ವಸ್ತ್ರ ಸುತ್ತಿಕೊಂಡು, ಯಾರದು ಮೊದಲು ಯಾರದು ಆಮೇಲೆ ಎಂದು ಕೈಯಾಡಿಸಿ ಹೇಳುತ್ತಿದ್ದವನು ಮಗಳನ್ನು ಕಂಡು ಅರಳಿದ.

"ಬಾರವ್ವ! ನೋಡ ಬಂದ್ಯೇನು ನಿನ್ನ ಕೆರಿನ?"

"ಅಪ್ಪಾ, ನಿಲ್ಸು. ಎಲ್ಲಾ ನಿಲ್ಸು. ಮಣ್ಣಾಗ ವಿಷ ಐತಿ."

ಹತ್ತಿರವಿದ್ದವರು ತಿರುಗಿ ನೋಡಿದರು. ಅವಳು ಉಸಿರು ಹಿಡಿದು ಎಲ್ಲವನ್ನೂ ಹೇಳಿದಳು: ಅವ್ವನ ಪಟಕ, ಸೋಸಿದ ನೀರು, ಮಣ್ಣನ್ನು ಕಚ್ಚಿ ಕುಳಿತ ರಾಸಾಯನಿಕ. ಹೇಳುತ್ತ ಹೋದಂತೆ ಎದುರಿನ ಮುಖಗಳು ಗಂಭೀರವಾಗುವ ಬದಲು ಗೊಂದಲಗೊಂಡವು. ಆಮೇಲೆ ಒಂದೊಂದಾಗಿ ಸಡಿಲಗೊಂಡವು.

"ನಿನ್ನಿ ಚೊಕ್ಕ. ಇವತ್ತ ವಿಷ," ಎಂದ ನಾಗೇಂದ್ರಪ್ಪ. "ನಾಳೆ ಬಂದು ಅಮೃತ ಅಂತೀಯೇನವ್ವ?"

ನಗು ಎದ್ದಿತು.

"ನಿಮ್ಮವ್ವ ನೀರು ಸೋಸಿದ್ದಕ್ಕ ನಾವು ಟ್ರ್ಯಾಕ್ಟರ್ ನಿಲ್ಲಸಬೇಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು. "ನಮ್ಮಾಕಿ ಚಾ ಸೋಸ್ತಾಳ, ಅದಕ್ಕೂ ಲಾರಿ ನಿಲ್ಸು!"

ಪೂಜಿತಾ ಸೆರಗಿನ ಗಂಟು ಬಿಚ್ಚಿ, ಒಣಗಿದ ಹಪ್ಪಳವನ್ನು ಅಂಗೈಯಲ್ಲಿಟ್ಟು, ಪಕ್ಕದಲ್ಲೇ ನಿಂತಿದ್ದ ಪಕ್ಕೀರಪ್ಪನ ಬಾಟಲಿಯಿಂದ ನೀರು ಹನಿಸಿ ತೋರಿಸಿದಳು. ಹನಿ ದುಂಡಗೆ ನಿಂತಿತು. ಒಂದಿಬ್ಬರು ಮುಂದೆ ಬಂದು ಬಗ್ಗಿದರು.

"ಒಣ ಧೂಳಿನ ಮ್ಯಾಲ ಮೊದಲ ಹನಿ ಹಿಂಗ ಉರುಳ್ತೈತಿ," ಎಂದ ನಾಗೇಂದ್ರಪ್ಪ. "ಅದ ನಮಗ ಗೊತ್ತಿಲ್ಲೇನು? ಇಲ್ಲಿ ನೋಡು." ಅವನು ಬಾಟಲಿಯನ್ನು ಅವಳ ಕೈಯಿಂದ ಇಸಿದುಕೊಂಡು, ಆಗಷ್ಟೇ ಹೇರಿದ ಹಸಿ ಹೂಳಿನ ಮೇಲೆ ಸುರಿದ. ಹಸಿ ಮಣ್ಣಿನ ಮೇಲೆ ನೀರು ಹರಡಿ, ಸಂದುಗಳಿಗಿಳಿದು, ಕಣ್ಣೆದುರೇ ಇಲ್ಲವಾಯಿತು.

"ಕುಡೀತಲ್ಲ?" ಎಂದು ಸುತ್ತಲೂ ನೋಡಿದ. "ಗಟಗಟ ಕುಡೀತು!"

ಒಣಗಿದ ಮೇಲಷ್ಟೇ ತಿಳಿಯುತ್ತದೆ ಎಂದು ಅವಳು ಕೂಗಿದಳು. ಒಣಗಬೇಕಾದರೆ ಅದು ಮೊದಲು ಹೊಲ ಸೇರಬೇಕು. ಸೇರಿದ ಮೇಲೆ ತಿಳಿದು ಏನು ಪ್ರಯೋಜನ ಎಂಬುದು ಅವಳಿಗೇ ಹೊಳೆಯಿತು. ಜೆಸಿಬಿಯ ಸದ್ದು ಉಳಿದದ್ದನ್ನು ನುಂಗಿತು.

"ನಾ ಹೇಳಿದ್ದೂ ಅದ," ಎಂದ ಪಕ್ಕೀರಪ್ಪ ಮೆಲ್ಲಗೆ. ಆದರೆ ಮೀನು ಕಳೆದುಕೊಂಡವನ ಮಾತಿಗೆ ಘಟಕದಿಂದ ಪರಿಹಾರ ಕೇಳುವವನ ಆಸೆ ಅಂಟಿಕೊಂಡಿದೆ ಎಂದೇ ಊರು ಮೊದಲಿನಿಂದಲೂ ಎಣಿಸಿತ್ತು. ಅವನತ್ತ ಯಾರೂ ತಿರುಗಲಿಲ್ಲ.

ಉಜ್ಜಿನಪ್ಪ ಮಗಳ ಮುಖವನ್ನೇ ನೋಡುತ್ತಿದ್ದ. "ವರದಿ ಐತೇನವ್ವ?"

"ಇಲ್ಲಪ್ಪಾ. ತಿಂಗಳ ಹಿಡೀತೈತಿ."

"ತಿಂಗಳಿಗೆ ಕೆರಿ ತುಂಬಿರತೈತಲ್ಲ." ಅವನು ತಲೆಯ ವಸ್ತ್ರವನ್ನು ಬಿಚ್ಚಿ ಮತ್ತೆ ಸುತ್ತಿದ. "ನೀ ಹೂಂ ಅಂದಿ ಅಂತ ನಾ ಹೂಂ ಅಂದೆ. ಈಗ ನನ್ನ ಬಾಯಿಂದ ಹ್ಯಾಂಗ ಬ್ಯಾಡ ಅನ್ನಲಿ? ಯಾವ ಮಾತು ನಂಬಬೇಕಂತ ಕೇಳ್ತಾರ. ಏನು ಹೇಳಲಿ?"

ಆದರೂ ಅವನು ಪ್ರಯತ್ನಿಸಿದ. ಕಲ್ಲಿನ ಮೇಲೆ ಹತ್ತಿ ನಿಂತು, ಇವತ್ತಿಗೆ ಸಾಕು, ನಾಳೆ ನೋಡೋಣ ಎಂದು ಕೂಗಿ ಹೇಳಿದ. ಹಾಲೇಶ್ ಎಂಜಿನ್ ಆರಿಸಿ ಕೆಳಗಿಳಿದ. ಅವನ ಹಿಂದಿದ್ದ ಟ್ರ್ಯಾಕ್ಟರಿನವನು ಒಮ್ಮೆ ಹಾರ್ನ್ ಬಾರಿಸಿ, ಸುತ್ತು ಹಾಕಿಕೊಂಡು ಮುಂದೆ ಹೋದ. ಅವನ ಹಿಂದೆ ಮತ್ತೊಬ್ಬ.

"ಯಜಮಾನ್ರ ಹೊಲಕ್ಕ ನಿನ್ನಿಂದ ಬಿದ್ದು ಮುಗೀತಲ್ಲ," ಎಂದಿತು ಯಾವುದೋ ದನಿ. "ನಮ್ಮ ಪಾಳಿ ಬಂದ ಕೂಡಲೆ ವಿಷ ಬಂತು."

ಉಜ್ಜಿನಪ್ಪ ಕಲ್ಲಿನಿಂದ ಇಳಿದ. ಮಗಳನ್ನು ಕರೆದುಕೊಂಡು ತನ್ನ ಹೊಲದ ಕಡೆ ನಡೆದ.

* * *

ಅಪ್ಪ ಮತ್ತು ಮಗಳು ಹೊಲಕ್ಕೆ ಬಂದಾಗ ಗುಡ್ಡದ ಹಿಂದೆ ಮೋಡ ಕಟ್ಟಿತ್ತು.

ಮೊದಲ ಹೇರುಗಳು ಬಿದ್ದ ಹೊಲ ಅದು. ಹಾಲೇಶ್ ಮುತುವರ್ಜಿಯಿಂದ ಕೆಲಸ ಮಾಡಿದ್ದ: ಹೂಳನ್ನು ಒಂದೇ ಮಟ್ಟಕ್ಕೆ ಹರಡಿ, ಮೇಲೆ ಕುಂಟೆ ಹೊಡೆದು, ಹಳೆಯ ಮಣ್ಣಿನೊಂದಿಗೆ ಕಲಸಿಬಿಟ್ಟಿದ್ದ. ಮೇ ತಿಂಗಳ ಬಿಸಿಲಿಗೆ ಮೇಲ್ಪದರ ಆಗಲೇ ಒಣಗಿ ಪುಡಿಯಾಗಿತ್ತು. ನೋಡಲು ಚೆಂದದ ಹೊಲ. ಬಿತ್ತನೆಗೆ ಕೈ ತುರಿಸುವಂಥದ್ದು.

ಉಜ್ಜಿನಪ್ಪ ಬದುವಿನ ಕೊಡದಿಂದ ಬೊಗಸೆ ನೀರು ತಂದು ಮಣ್ಣಿನ ಮೇಲೆ ಬಿಟ್ಟ. ನೀರು ಮುತ್ತುಗಳಾಗಿ ಒಡೆದು, ಇಳಿಜಾರಿನಲ್ಲಿ ಉರುಳಿ, ಬದುವಿಗೆ ತಾಕಿ ನಿಂತಿತು. ಅವನು ಇನ್ನೊಂದು ಬೊಗಸೆ ಬಿಟ್ಟ. ಜಾಗ ಬದಲಿಸಿದ. ಹೊಲದ ನಡುವಿಗೆ ಹೋಗಿ, ಕೊಡವನ್ನೇ ಬಗ್ಗಿಸಿದ. ನೀರು ಅವನ ಕಾಲ ಸುತ್ತ ಪಾದರಸದಂತೆ ಹರಿದಾಡಿತು. ಕಾಲಡಿಯ ಮಣ್ಣು ಬೂದು ಬಣ್ಣದಲ್ಲೇ ಉಳಿಯಿತು.

"ಇಷ್ಟ ವರ್ಷದಾಗ ಈ ಹೊಲ ನೀರು ಬ್ಯಾಡ ಅಂದದ್ದು ನೋಡಿಲ್ಲ," ಎಂದ. ಖಾಲಿ ಕೊಡವನ್ನು ಕೆಳಗಿಟ್ಟು ಕೇಳಿದ: "ಮಳಿ ಬಂದ್ರ ತೊಳಕೊಂಡು ಹೊಕ್ಕೈತಲ್ಲ?"

ಪೂಜಿತಾ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡಳು.

"ಹೇಳವ್ವ. ಇಷ್ಟ ಮಾತ ಹೇಳಿದಾಕಿ ಅದೊಂದು ಹೇಳು."

"ಹೋಗೂದಿಲ್ಲಪ್ಪಾ. ಮಣ್ಣು ಹಿಡದೈತಿ. ನೀರಿಗೆ ಬಿಟ್ಟು ಕೊಡೂದಿಲ್ಲ."

"ಮ್ಯಾಲಿನ ಪದರ ಕೆರದು ತಗದ್ರ?"

"ಕುಂಟಿ ಹೊಡದೀರಿ. ಎಲ್ಲಾ ಕೂಡೇತಿ. ತಗದ್ರೂ ಎಲ್ಲಿ ಹಾಕೂದು?"

"ಹಂಗಾರ ಎಷ್ಟ ವರ್ಷಕ್ಕ ಸರಿ ಆಗತೈತಿ?"

"ಗೊತ್ತಿಲ್ಲ," ಎಂದಳು ಅವಳು. ಅದು ನಿಜವಾಗಿತ್ತು. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ತಿಂದು ಮುಗಿಸಬಹುದು. ಆದರೆ ಮಣ್ಣಿಗೆ ಕಚ್ಚಿಕೊಂಡದ್ದು ಅವುಗಳ ಬಾಯಿಗೂ ಬೇಗ ಸಿಗುವುದಿಲ್ಲ. ಒಂದು ಬೆಳೆಯೋ, ಐದು ಬೆಳೆಯೋ, ಯಾವ ಪುಸ್ತಕವೂ ಈ ಹೊಲದ ಹೆಸರು ಹಿಡಿದು ಬರೆದಿರಲಿಲ್ಲ.

ಆಗ ಮಳೆ ಬಂತು. ಮೊದಲು ದಪ್ಪ ಹನಿಗಳು, ಆಮೇಲೆ ಒಂದೇ ಸಮನೆ ಸುರಿತ. ಇಬ್ಬರೂ ಓಡಲಿಲ್ಲ. ಬೇಸಿಗೆಯ ಕೊನೆಗೆ ಬೀಳುವ ಮಳೆಗೆ ಏಳಬೇಕಾದ ಮಣ್ಣಿನ ವಾಸನೆ ಪಕ್ಕದ ಹೊಲಗಳಿಂದ ಎದ್ದು ಬಂತು. ಇವರ ಹೊಲದಿಂದ ಏಳಲಿಲ್ಲ. ನೀರು ಹೊಲದ ಮೇಲೆ ಹಾಳೆಯಂತೆ ಜಾರಿ ಬದುವಿನ ಕೆಳಗಿನ ಕಾಲುವೆಗೆ ಧುಮುಕುತ್ತಿತ್ತು. ಹೊಸ ಮಳೆಯ ನೀರು ಕೆಂಪಗೆ ಹರಿಯಬೇಕು. ಅದು ತಿಳಿಯಾಗಿತ್ತು, ಬಾಟಲಿಯೊಳಗಿನ ನೀರಿನಷ್ಟೇ.

ಉಜ್ಜಿನಪ್ಪ ಹಿಮ್ಮಡಿಯಿಂದ ನೆಲವನ್ನು ಕೆದಕಿದ. ಸುರಿಯುವ ಮಳೆಯ ಅಡಿಯಲ್ಲಿ, ಒಂದು ಬೆರಳಿನಷ್ಟು ಕೆಳಗೆ, ಒಣ ಧೂಳು ಹಾರಿತು.

ಏರಿಯ ಮೇಲಿಂದ ಟ್ರ್ಯಾಕ್ಟರುಗಳು ಗಡಿಬಿಡಿಯಿಂದ ಊರಿನತ್ತ ಸಾಗುತ್ತಿದ್ದವು. ಕೆರೆ ತುಂಬುವ ಮೊದಲು ಕೊನೆಯ ಹೇರು ತುಂಬಿಕೊಂಡ ಸಂಭ್ರಮ. ಅವುಗಳಲ್ಲೊಂದರ ಮೇಲೆ ಕುಳಿತವನು ಇವರನ್ನು ಕಂಡು, ಆಗಿನ ಮುನಿಸನ್ನೆಲ್ಲ ಮಳೆಯಲ್ಲಿ ಮರೆತವನಂತೆ ಕೈ ಬೀಸಿದ.

"ಯಜಮಾನ್ರ! ಕೆರಿ ಮಣ್ಣು ಬಿದ್ದ ಮರುದಿನಾನ ಮಳಿ! ಮಸ್ತ್ ಪೈರು ಬರತೈತಿ ಬಿಡ್ರಿ!"

ಉಜ್ಜಿನಪ್ಪ ಕೆದಕಿದ ಕುಳಿಯ ಮೇಲೆ ಪಾದವನ್ನಿಟ್ಟು ಮುಚ್ಚಿದ. ಯಾರಾದರೂ ಕೂಗಿದರೆ ಮಾಡುವ ಹಾಗೆ, ಅವನ ಕೈ ತಾನಾಗಿ ಮೇಲೆದ್ದಿತು.